ಬೆಂಕಿ ಬೆಟ್ಟದ ಹಿಮವೇ ಮುಳುವಾದಾಗ

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಭೂಮಧ್ಯರೇಖೆಯಿಂದ ಐದೇ ಡಿಗ್ರಿ ಉತ್ತರಕ್ಕೆ, ವರ್ಷವಿಡೀ ಹಿಮ ಹೊದ್ದ ಜ್ವಾಲಾಮುಖಿಯೊಂದಿದೆ. ಹೆಸರು ನೆವಾಡೊ ಡೆಲ್ ರೂಯಿಸ್. ಸ್ಪ್ಯಾನಿಷ್ ಭಾಷೆಯಲ್ಲಿ ‘ನೆವಾಡೊ’ ಎಂದರೆ ಹಿಮ ಮುಚ್ಚಿದ್ದು ಎಂದೇ ಅರ್ಥ. ರಾಜಧಾನಿ ಬೊಗೊಟಾದಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿ, ಆಂಡೀಸ್ ಪರ್ವತಶ್ರೇಣಿಯ ನಡುಸಾಲಿನಲ್ಲಿರುವ ಇದರ ಎತ್ತರ 5,300 ಮೀಟರಿಗೂ ಹೆಚ್ಚು. ಉಷ್ಣವಲಯದಲ್ಲೂ ಹಿಮ ನಿಲ್ಲಲು ಈ ಎತ್ತರವೇ ಕಾರಣ.

ಆಂಡೀಸ್‌ನ ಜ್ವಾಲಾಮುಖಿಗಳ ಮೂಲ ಇರುವುದು ಸಮುದ್ರದ ಕಡೆ. ಶಾಂತಸಾಗರದ ತಳದ ನಾಜ್ಕಾ ಭೂಫಲಕ ಖಂಡದ ಅಡಿಗೆ ನುಸುಳುತ್ತಿದೆ. ಆಳಕ್ಕಿಳಿದಂತೆ ಅದರಲ್ಲಿನ ನೀರು ಹೊರಬಂದು, ಮೇಲಿನ ಬಿಸಿ ಶಿಲೆಯ ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಹೀಗೆ ಹುಟ್ಟುವ ಶಿಲಾರಸ ಮೇಲೇರುತ್ತ ಅಂಟಂಟಾಗುತ್ತದೆ. ಒಳಗಿನ ಅನಿಲ ಸುಲಭವಾಗಿ ಹೊರಬರಲಾರದೆ ಸಿಡಿಯುತ್ತದೆ. ಒಮ್ಮೆ ಲಾವಾ, ಒಮ್ಮೆ ಬೂದಿ ಪದರ ಪದರವಾಗಿ ಪೇರಿಕೊಂಡು ಬೆಟ್ಟ ಬೆಳೆಯುವುದರಿಂದ ಇಂಥವನ್ನು ಸ್ತರ ಜ್ವಾಲಾಮುಖಿ ಎನ್ನುತ್ತಾರೆ.

1985ರ ನವೆಂಬರ್ 13ರ ರಾತ್ರಿ ಒಂಬತ್ತು ಗಂಟೆಯ ಬಳಿಕ ರೂಯಿಸ್ ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ಇದು ದೊಡ್ಡ ಸ್ಫೋಟವೇನಲ್ಲ. ಆದರೆ ಕಾದ ಬೂದಿ, ಕಲ್ಲು ನೆತ್ತಿಯ ಹಿಮದ ಮೇಲೆ ಹರಿದವು. ಕರಗಿದ್ದು ಹಿಮದ ಸುಮಾರು ಹತ್ತನೇ ಒಂದು ಪಾಲು ಮಾತ್ರ, ಅಷ್ಟೇ ಸಾಕಾಯಿತು. ನೀರು ಬೂದಿಯೊಡನೆ ಬೆರೆತು, ಕಣಿವೆಯ ಮಣ್ಣು, ಬಂಡೆ, ಮರಗಳನ್ನು ಬಾಚಿಕೊಳ್ಳುತ್ತ ಹಸಿ ಕಾಂಕ್ರೀಟಿನಂತೆ ಧುಮ್ಮಿಕ್ಕಿತು. ಇಂಥ ಕೆಸರು ಪ್ರವಾಹಕ್ಕೆ ವಿಜ್ಞಾನಿಗಳು ಬಳಸುವುದು ‘ಲಹಾರ್’ ಎಂಬ ಜಾವಾ ಭಾಷೆಯ ಪದವನ್ನು.

ಲಗುನಿಲ್ಲಾ ನದಿಯ ಕಣಿವೆಯಲ್ಲಿ ಇಳಿದ ಕೆಸರು ಸುಮಾರು ಎರಡೂವರೆ ಗಂಟೆಯಲ್ಲಿ ಅರ್ಮೆರೊ ಪಟ್ಟಣ ತಲುಪಿತು. ಸುಮಾರು 29 ಸಾವಿರ ಜನರಿದ್ದ ಊರಿನಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬೆಟ್ಟದ ಇನ್ನೊಂದು ಮಗ್ಗುಲಿನ ಚಿಂಚಿನಾದಲ್ಲೂ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು.

ಎರಡೂವರೆ ಗಂಟೆ ಸಣ್ಣ ಅವಧಿಯಲ್ಲ. ಪಕ್ಕದ ದಿಣ್ಣೆ ಹತ್ತಲು ಅಷ್ಟು ಹೊತ್ತು ಧಾರಾಳ. ಅಪಾಯ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಹಿಂದಿನ ತಿಂಗಳಷ್ಟೇ ಸಿದ್ಧವಾದ ಅಪಾಯದ ನಕ್ಷೆಯಲ್ಲಿ ಅರ್ಮೆರೊ ಕೆಸರಿನ ದಾರಿಯಲ್ಲೇ ಇತ್ತು. ಆ ಸಂಜೆ ಊರಿನ ಮೇಲೆ ಬೂದಿ ಉದುರಿದಾಗಲೂ ಶಾಂತರಾಗಿರಿ ಎಂದೇ ಜನರಿಗೆ ಹೇಳಲಾಯಿತು. ಊರು ನಿಂತಿದ್ದ ನೆಲವೂ ಸಾಕ್ಷಿ ಹೇಳುತ್ತಿತ್ತು. 1595ರಲ್ಲಿ, ಮತ್ತೆ 1845ರಲ್ಲಿ ಇದೇ ಕಣಿವೆಯಲ್ಲಿ ಕೆಸರು ಇಳಿದಿತ್ತು. ಎರಡನೆಯ ಸಲ ಸುಮಾರು ಸಾವಿರ ಜನ ಸತ್ತಿದ್ದರು. ಆ ಕೆಸರು ಒಣಗಿ ಸಮತಟ್ಟಾದ ಜಾಗದ ಮೇಲೆಯೇ ಅರ್ಮೆರೊ ಕಟ್ಟಿದ್ದು. ಹತ್ತಿ ಬೆಳೆದ ಫಲವತ್ತಾದ ಮಣ್ಣೂ ಜ್ವಾಲಾಮುಖಿಯ ಕೊಡುಗೆಯೇ.

ಅರ್ಮೆರೊವನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಲಿಲ್ಲ. ಆಡಳಿತ ಕೇಂದ್ರ ಗ್ವಾಯಬಾಲ್‌ಗೆ ಹೋಯಿತು. ರೂಯಿಸ್ ಇನ್ನೂ ಎಚ್ಚರವಾಗಿದೆ. 2023ರ ಮಾರ್ಚ್ ಕೊನೆಯಲ್ಲಿ ಕಂಪನಗಳು ಹೆಚ್ಚಿದಾಗ ಕಿತ್ತಳೆ ಬಣ್ಣದ ಎಚ್ಚರಿಕೆ ಹೊರಟಿತು; ಜೂನ್ ಕೊನೆಯಲ್ಲಿ ಅದನ್ನು ಇಳಿಸಲಾಯಿತು. ಭೂಮಿ ಬಿಸಿಯಾದಂತೆ ನೆತ್ತಿಯ ಹಿಮ ಕುಗ್ಗುತ್ತಿದೆ. ಆದರೂ ಕೆಸರು ಹರಿಸಲು ಬೇಕಾದಷ್ಟು ಇನ್ನೂ ಉಳಿದಿದೆ.