ನಿಂತಲ್ಲೇ ನಡೆಯುವ ಸೈಕಲ್ ಪಂದ್ಯ ಮತ್ತು ಸಾಕ್ಷ್ಯದ ಪ್ರಶ್ನೆ

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ಗುಂಡ್ಲುಪೇಟೆಗೆ ಮುನ್ನ ಸಿಗುವ ಹೋಬಳಿ ಕೇಂದ್ರ ಬೇಗೂರು. ನೀಲಗಿರಿಯ ಕಡೆಗೆ ಗುಂಪುಗೂಡಿ ಹೊರಡುವ ಸೈಕಲ್ ಸವಾರರು ಈ ಊರಿನವರಿಗೆ ಹೊಸಬರಲ್ಲ. 2008ರಲ್ಲಿ ಬೆಂಗಳೂರಿನ ಹವ್ಯಾಸಿಗಳು ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದ ಮೇಲೆ ಮೈಸೂರು, ಬಂಡೀಪುರ, ಮಸಿನಗುಡಿ, ಕಲ್ಲಟ್ಟಿಯ ಏರು ಇವೆಲ್ಲ ಸವಾರರ ಮಾತಿನಲ್ಲಿ ಪದೇಪದೇ ಬರುವ ಹೆಸರುಗಳಾದುವು. ಪ್ರಕೃತ ಲೇಖನದ ವಿಷಯ ಮಾತ್ರ ಈ ದಾರಿಯಲ್ಲಿ ಸಾಗುವ ಸವಾರಿಯಲ್ಲ. ಈ ದಾರಿಯ ಬದಿಯ ಮನೆಯೊಳಗೆ, ಒಂದು ಗೇಣೂ ಮುಂದೆ ಸರಿಯದೆ ನಡೆಯುವ ಸವಾರಿ. ಅದನ್ನು ಕ್ರೀಡೆಯೆಂದು ವರ್ಣಿಸುವುದಕ್ಕಿಂತ, ಚರಿತ್ರೆಯ ಅಭ್ಯಾಸಿಗಳಿಗೆ ಅದು ಒಡ್ಡುವ ಒಂದು ಪ್ರಶ್ನೆಯನ್ನು ಬಿಡಿಸಿ ಹೇಳುವುದು ನಮ್ಮ ಉದ್ದೇಶ: ಯಾರೂ ಕಣ್ಣಾರೆ ಕಾಣದ ಪಂದ್ಯದಲ್ಲಿ ಗೆದ್ದವನು ಗೆದ್ದನೆಂಬುದಕ್ಕೆ ಸಾಕ್ಷಿ ಯಾವುದು?

ಬೇಗೂರಿನ ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ನಾವು ಇಂಥ ಒಂದು ಪಂದ್ಯವನ್ನು ಕಂಡೆವು. ಸೈಕಲ್ಲಿನ ಹಿಂದಿನ ಚಕ್ರವನ್ನು ಕಳಚಿ, ಆ ಸ್ಥಾನದಲ್ಲಿ ಮೊಣಕಾಲೆತ್ತರದ ಒಂದು ಕಬ್ಬಿಣದ ಯಂತ್ರವನ್ನು ಜೋಡಿಸಲಾಗಿತ್ತು. ಎದುರಿಗೆ ದೂರದರ್ಶನದ ತೆರೆ, ಪಕ್ಕದಲ್ಲಿ ಎರಡು ಫ್ಯಾನು, ಕೆಳಗೆ ಬೆವರಿಗೆಂದು ಹಾಸಿದ ಹಳೆಯ ಜಮಖಾನ. ತೆರೆಯ ಮೇಲೆ ಹತ್ತಾರು ದೇಶಗಳ ಸವಾರರ ಚಿತ್ರಗಳು ಗುಂಪಾಗಿ ಓಡುತ್ತಿದ್ದುವು. ಅವುಗಳಲ್ಲೊಂದು ನಮ್ಮ ಮುಂದೆಯೇ ಏದುಸಿರು ಬಿಡುತ್ತಿದ್ದ ಯುವಕನದು. ಕೊನೆಯ ಏರು ಹತ್ತಿರವಾಗುತ್ತಿದ್ದಂತೆ ಕರೆಂಟು ಹೋಯಿತು. ತೆರೆ ಆರಿತು, ಪೆಡಲು ಹಗುರವಾಗಿ ಸುಮ್ಮನೆ ಸುತ್ತಿತು. ದೂರದ ಊರುಗಳಲ್ಲಿದ್ದ ಪ್ರತಿಸ್ಪರ್ಧಿಗಳ ಪಾಲಿಗೆ ಆತ ದಣಿದು ಹಿಂದೆ ಬಿದ್ದವನಾಗಲಿಲ್ಲ, ಬಿದ್ದು ಗಾಯಗೊಂಡವನೂ ಆಗಲಿಲ್ಲ, ಮಾಯವಾದ, ಅಷ್ಟೆ. ಒಳಗಿನಿಂದ ಬಂದ ತಾಯಿ, “ಎಷ್ಟು ದೂರ ಹೋಗಿದ್ಯಪ್ಪ, ಇಷ್ಟೊಂದು ಬೆವತಿದ್ದೀಯಲ್ಲ?” ಎಂದರು. ಹಾಸ್ಯದ ಮಾತಾದರೂ ಇದಕ್ಕೆ ಉತ್ತರ ಸುಲಭವಲ್ಲ.

ಸ್ಮಾರ್ಟ್ ಟ್ರೈನರ್ ಎಂದು ಕರೆಯಲ್ಪಡುವ ಈ ಯಂತ್ರದ ತತ್ತ್ವ ಸರಳವಾದುದು. ಸರಪಣಿಯು ಒಂದು ಭಾರವಾದ ಚಕ್ರವನ್ನು ತಿರುಗಿಸುತ್ತದೆ; ವಿದ್ಯುತ್ಕಾಂತವು ಆ ಚಕ್ರವನ್ನು ಬೇಕಾದಷ್ಟು ಬಿಗಿಯಾಗಿಯೋ ಸಡಿಲವಾಗಿಯೋ ತಡೆಯುತ್ತದೆ. ಸವಾರನು ಎಷ್ಟು ವಾಟ್ ಶಕ್ತಿಯನ್ನು ವ್ಯಯಮಾಡುತ್ತಿರುವನೆಂದು ಯಂತ್ರವು ಅಳೆದು ಗಣಕಕ್ಕೆ ತಿಳಿಸುತ್ತದೆ. ಗಣಕವು ಆ ಅಳತೆಯನ್ನು ಸವಾರನ ತೂಕ, ದಾರಿಯ ಏರಿಳಿತ, ಗಾಳಿಯ ತಡೆ ಇವುಗಳೊಡನೆ ಕೂಡಿಸಿ ಲೆಕ್ಕಹಾಕಿ, ತೆರೆಯ ಮೇಲಿನ ಚಿತ್ರವನ್ನು ಅದಕ್ಕೆ ತಕ್ಕ ವೇಗದಲ್ಲಿ ಓಡಿಸುತ್ತದೆ. ತೆರೆಯ ಮೇಲೆ ಏರು ಬಂದರೆ ಪೆಡಲು ತಾನಾಗಿ ಬಿಗಿಯಾಗುತ್ತದೆ. ಮತ್ತೊಬ್ಬನ ಬೆನ್ನ ಹಿಂದೆ ಸೇರಿಕೊಂಡರೆ ಗಾಳಿಯ ಮರೆ ಸಿಕ್ಕಿತೆಂದು ಗಣಕವು ಭಾವಿಸಿ, ಅದೇ ವೇಗಕ್ಕೆ ಕಡಿಮೆ ಶ್ರಮ ಸಾಕೆನ್ನುತ್ತದೆ. ಹೀಗೆ, ಗುಂಪಿನಲ್ಲಿರುವ ಲಾಭವೂ ಲೆಕ್ಕದ ಮೂಲಕವೇ ದೊರೆಯುತ್ತದೆ. ಲೆಕ್ಕಕ್ಕೆ ಬಾರದ ಸಂಗತಿಗಳೂ ಇವೆ. ಪ್ರಸಿದ್ಧವಾದ ಜ್ವಿಫ್ಟ್ ಎಂಬ ಆಟದಲ್ಲಿ ಒಬ್ಬ ಸವಾರನು ಇನ್ನೊಬ್ಬನ ಮೈಯೊಳಗಿಂದಲೇ ತೂರಿಹೋಗಬಲ್ಲನು. ತಿರುವಿನಲ್ಲಿ ಬ್ರೇಕು ಹಿಡಿಯುವ ಚಾತುರ್ಯಕ್ಕೆ ಅಲ್ಲಿ ಕೆಲಸವಿಲ್ಲ. ಕಲ್ಲಟ್ಟಿಯ 36 ಹಿಮ್ಮುರಿ ತಿರುವುಗಳನ್ನು ಬಲ್ಲವರಿಗೆ ಇದು ದೊಡ್ಡ ಕೊರತೆಯೆಂದೇ ತೋರೀತು.

ಈ ಬಗೆಯ ಆಟವು ನಮ್ಮ ಕಾಲದ ಸೃಷ್ಟಿಯೆಂಬ ನಂಬಿಕೆ ಅರ್ಧ ಮಾತ್ರ ನಿಜ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ನಿಂತಲ್ಲೇ ತುಳಿಯುವ ಎರಡು ಸೈಕಲ್ಲುಗಳಿದ್ದುವು. ಅವುಗಳ ಎದುರಿಗೆ ಗಡಿಯಾರದಂಥ ದೊಡ್ಡ ಮುಖಫಲಕ. ಅದರ ಮೇಲೆ ಕೆಂಪು ಮತ್ತು ನೀಲಿ ಮುಳ್ಳುಗಳು ಸುತ್ತಿ, 440 ಗಜದ ಓಟದಲ್ಲಿ ಯಾರು ಮುಂದೆ ಎಂಬುದನ್ನು ತೋರಿಸುತ್ತಿದ್ದುವು. ಅದಕ್ಕೂ ಹಿಂದೆ, 1900ರ ಆಸುಪಾಸಿನಲ್ಲಿ, ಅಮೆರಿಕದ ಪ್ರಖ್ಯಾತ ಕಪ್ಪುವರ್ಣೀಯ ಸೈಕಲ್ ಪಟು ಮೇಜರ್ ಟೇಲರ್ ನಾಟಕಶಾಲೆಗಳ ರಂಗದ ಮೇಲೆ ರೋಲರುಗಳಲ್ಲಿ ಪಂದ್ಯ ತುಳಿದದ್ದುಂಟು. ದೇಹದ ಶ್ರಮವನ್ನು ಮುಳ್ಳಿನ ಚಲನೆಯಾಗಿ ಮಾರ್ಪಡಿಸಿ ನೋಡುವವರಿಗೆ ತೋರಿಸುವ ಉಪಾಯವು ಆಗಲೇ ಪೂರ್ಣವಾಗಿತ್ತೆಂದು ಹೇಳಬಹುದು.

ನಮ್ಮ ಹಳ್ಳಿಗಳಿಗೂ ಇದರ ಒಬ್ಬ ದೂರದ ನೆಂಟನಿದ್ದಾನೆ. ಹಿಂದೊಮ್ಮೆ ಊರೂರಿನ ಮೈದಾನದಲ್ಲಿ ಒಬ್ಬ ಸಾಹಸಿಯು ಬಂದು ದಿನಗಟ್ಟಲೆ ಸೈಕಲ್ಲಿನಿಂದ ಕೆಳಗಿಳಿಯದೆ ಸುತ್ತುಹಾಕುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಊಟ, ಸ್ನಾನ, ಬಟ್ಟೆ ಬದಲಿಸುವುದು, ಎಲ್ಲವೂ ಸೈಕಲ್ಲಿನ ಮೇಲೆಯೇ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು. ಸುತ್ತ ಕಟ್ಟಿದ ಹಗ್ಗದ ಆಚೆ ಊರಿನ ಜನ. ಆತನೂ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಆತನು ಕಾಲು ನೆಲಕ್ಕೆ ಊರಿದನೇ ಇಲ್ಲವೇ ಎಂಬುದಕ್ಕೆ ಸಾಕ್ಷಿ ಊರೇ ಆಗಿತ್ತು. ಹುಡುಗರು ನಡುರಾತ್ರಿ ಎದ್ದುಬಂದು ನೋಡಿ ಹೋಗುತ್ತಿದ್ದರಂತೆ. ಹಡಗಿನ ಮುಖಫಲಕ, ರಂಗದ ಮೇಲಿನ ರೋಲರು, ಮೈದಾನದ ಸೈಕಲ್ಲು, ಈ ಮೂರರಲ್ಲಿಯೂ ಸ್ಪರ್ಧಿಯೂ ಸಾಕ್ಷಿಯೂ ಒಂದೇ ಸ್ಥಳದಲ್ಲಿದ್ದರೆಂಬುದನ್ನು ಲಕ್ಷ್ಯದಲ್ಲಿಡಬೇಕು. 2014ರಲ್ಲಿ ಪರೀಕ್ಷಾರ್ಥವಾಗಿ ಹೊರಬಂದ ಜ್ವಿಫ್ಟ್ ಮತ್ತು ಅದರ ಹಿಂದೆ ಬಂದ ಇತರ ಸೇವೆಗಳು ಕಡಿದುಹಾಕಿದ್ದು ಈ ಬೆಸುಗೆಯನ್ನು. ಸ್ಪರ್ಧಿಗಳು ಸಾವಿರಾರು ಮೈಲಿಗಳ ಅಂತರದಲ್ಲಿ ಚದುರಿಹೋದರು. ಸಾಕ್ಷಿಯ ಜಾಗದಲ್ಲಿ ಉಳಿದುದು ದಾಖಲೆ ಮಾತ್ರ.

ದಾಖಲೆಯೆಂದರೆ ಎರಡು ಅಂಕೆಗಳು. ಒಂದು, ಯಂತ್ರವು ಅಳೆದ ವಾಟ್. ಇನ್ನೊಂದು, ಸವಾರನು ತಾನೇ ಬರೆದುಕೊಟ್ಟ ತೂಕ. ಈ ಎರಡನೆಯದು ಎಷ್ಟು ಮುಖ್ಯವೆಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನೂರು ಮೀಟರು ಸಾಗಿದರೆ ಎಂಟು ಮೀಟರು ಮೇಲೇರುವ ದಾರಿಯಲ್ಲಿ 200 ವಾಟ್ ಶಕ್ತಿಯಿಂದ ತುಳಿಯುವ, 65 ಕಿಲೋಗ್ರಾಂ ತೂಕದ ಸವಾರನು ಗಂಟೆಗೆ ಸುಮಾರು 11.5 ಕಿಲೋಮೀಟರು ಸಾಗಬಲ್ಲನು. ಅಷ್ಟೇ ಶಕ್ತಿಯಿಂದ ತುಳಿಯುವ 75 ಕಿಲೋಗ್ರಾಮಿನವನ ವೇಗ ಸುಮಾರು 10.3 ಕಿಲೋಮೀಟರು. ಹತ್ತು ಕಿಲೋಮೀಟರಿನ ಏರಿನಲ್ಲಿ ಇಬ್ಬರ ನಡುವೆ ಆರು ನಿಮಿಷದ ಅಂತರ ಬೀಳುತ್ತದೆ. ಆದುದರಿಂದ 75ರ ಮನುಷ್ಯ 65 ಎಂದು ಬರೆದುಕೊಟ್ಟರೆ, ಒಂದು ತೊಟ್ಟು ಬೆವರನ್ನೂ ಹೆಚ್ಚಾಗಿ ಸುರಿಸದೆ ಆರು ನಿಮಿಷಗಳನ್ನು ಗಳಿಸಿಬಿಡುತ್ತಾನೆ. ನಿಜವಾದ ಏರಿನಲ್ಲಿ ಇದು ಸಾಧ್ಯವಿಲ್ಲ. ಘಾಟಿಯು ಯಾರ ತೂಕವನ್ನೂ ಕೇಳಿ ತಿಳಿಯುವುದಿಲ್ಲ. ಯಂತ್ರದ ಅಳತೆಯೂ ದೋಷರಹಿತವೇನಲ್ಲ. ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸುವ ಯಂತ್ರವು 300 ವಾಟ್ ತುಳಿಯುವವನಿಗೆ 6 ವಾಟ್‌ಗಳನ್ನು ದಾನವಾಗಿ ಕೊಟ್ಟಂತೆ.

ಇಲ್ಲಿ ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಪರಿಸ್ಥಿತಿಯೇ ಎದುರಾಗುತ್ತದೆ. ದಾನಶಾಸನವನ್ನು ಬರೆಸಿದವನೇ ತನ್ನ ಬಿರುದುಗಳನ್ನೂ ಹೇಳಿಕೊಂಡಿರುವಾಗ ನಾವು ಅದನ್ನು ಬೇರೊಂದು ಆಧಾರದೊಡನೆ ಹೋಲಿಸದೆ ಒಪ್ಪುವುದಿಲ್ಲ. ಸೈಕಲ್ ಪಂದ್ಯದ ವ್ಯವಸ್ಥಾಪಕರೂ ಕಾಲಕ್ರಮದಲ್ಲಿ ಈ ಮಾರ್ಗವನ್ನೇ ಹಿಡಿದರು. ಉನ್ನತಮಟ್ಟದ ಪಂದ್ಯಗಳಲ್ಲಿ ಸವಾರನು ತಕ್ಕಡಿಯ ಮೇಲೆ ನಿಂತು ತೂಗಿಕೊಳ್ಳುವುದನ್ನು ಚಲನಚಿತ್ರವಾಗಿ ತೆಗೆದು ಕಳುಹಿಸಬೇಕು. ಟ್ರೈನರಿನ ಅಳತೆಯಲ್ಲದೆ, ಪೆಡಲಿನಲ್ಲಿಯೋ ಅದರ ತೋಳಿನಲ್ಲಿಯೋ ಅಳವಡಿಸಿದ ಮತ್ತೊಂದು ಮಾಪಕದ ಅಳತೆಯನ್ನೂ ಒಪ್ಪಿಸಬೇಕು. ಎರಡೂ ತಾಳೆಯಾದರೆ ಮಾತ್ರ ಫಲಿತಾಂಶ ಊರ್ಜಿತ.

ಈ ಎಚ್ಚರ ಮೂಡಲು ಕಾರಣವಾದ ಪ್ರಸಂಗಗಳಲ್ಲಿ ಬ್ರಿಟನ್ನಿನದು ವಿಚಿತ್ರವಾದುದು. 2019ರಲ್ಲಿ ಆ ದೇಶದ ಒಳಾಂಗಣ ಸೈಕಲ್ ಚಾಂಪಿಯನ್ ಆದವನಿಂದ ಅದೇ ವರ್ಷ ಪದವಿಯನ್ನು ಕಿತ್ತುಕೊಂಡು, 250 ಪೌಂಡು ದಂಡ ಮತ್ತು ಆರು ತಿಂಗಳ ನಿಷೇಧವನ್ನು ವಿಧಿಸಲಾಯಿತು. ಪಂದ್ಯದಲ್ಲಿ ಆತ ತುಳಿದ ಶಕ್ತಿ ಸುಳ್ಳೆಂಬುದು ಆಪಾದನೆಯಲ್ಲ. ಹೆಚ್ಚು ವೇಗವಾಗಿ ಓಡುವ, ತೆರೆಯ ಮೇಲೆ ಮಾತ್ರ ಇರುವ ಒಂದು ಸೈಕಲ್ಲನ್ನು ಪಡೆಯಬೇಕಾದರೆ ಬಹಳ ಎತ್ತರ ಏರಿರಬೇಕೆಂಬ ನಿಯಮವಿತ್ತು. ಆತನು ತಾನು ತುಳಿಯದೆ, ಕೃತಕವಾಗಿ ಸವಾರಿಯನ್ನು ಅನುಕರಿಸುವ ತಂತ್ರದಿಂದ ಆ ಎತ್ತರವನ್ನು ಏರಿದಂತೆ ತೋರಿಸಿದ್ದನು. ಇಲ್ಲದ ಸೈಕಲ್ಲನ್ನು ಇಲ್ಲದ ಬೆಟ್ಟವೇರಿ ಸಂಪಾದಿಸಿದುದಕ್ಕೆ ನಿಜವಾದ ದಂಡ! ನಗುವ ಮಾತಲ್ಲವೆಂದೇ ನಮ್ಮ ಅಭಿಪ್ರಾಯ. ದಾಖಲೆಯೇ ಪಂದ್ಯವಾದ ಕಡೆ ದಾಖಲೆಯ ತಿದ್ದುಪಡಿಯೇ ಅಪರಾಧವಾಗಬೇಕಾದುದು ನ್ಯಾಯ.

ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2020ರ ಡಿಸೆಂಬರ್ 9ರಂದು ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಈ ವಿಧಾನದಲ್ಲಿ ನಡೆಸಿತು. ಗಂಡಸರಿಗೂ ಹೆಂಗಸರಿಗೂ ಒಂದೇ ದೂರ, ಸುಮಾರು 50 ಕಿಲೋಮೀಟರು. ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್ ಮತ್ತು ದಕ್ಷಿಣ ಆಫ್ರಿಕದ ಆಶ್ಲಿ ಮೂಲ್ಮನ್ ಪಾಸಿಯೊ. ಓಸ್ಬೋರ್ನ್ ಆಗ ಮುಖ್ಯವಾಗಿ ದೋಣಿಯ ಹುಟ್ಟುಗಾರ. ಮರುವರ್ಷ ಟೋಕಿಯೊ ಒಲಿಂಪಿಕ್ಸಿನಲ್ಲಿ ಹುಟ್ಟುಹಾಕುವುದರಲ್ಲಿಯೇ ಬೆಳ್ಳಿ ಪಡೆದನು. 2024ರ ಚಾಂಪಿಯನ್‌ಷಿಪ್ಪಿನ ಅಂತಿಮ ಸುತ್ತಿಗೆ ಮಾತ್ರ ಸ್ಪರ್ಧಿಗಳೆಲ್ಲರನ್ನೂ ಅಬುಧಾಬಿಗೆ ಕರೆಸಿಕೊಂಡು, ಒಂದೇ ಕಡೆ ಯಂತ್ರಗಳ ಮೇಲೆ ಕೂರಿಸಿ ಪಂದ್ಯ ನಡೆಸಲಾಯಿತು. ದೂರವನ್ನು ಅಳಿಸಲೆಂದು ಹುಟ್ಟಿದ ಆಟವು, ಪದಕ ದೊಡ್ಡದಾದಾಗ, ಮತ್ತೆ ಕಣ್ಣಿನ ಸಾಕ್ಷ್ಯವನ್ನೇ ಅರಸಿ ಬಂದಿತೆಂದು ಇದರಿಂದ ತಿಳಿಯಬಹುದು.

ಇದರಲ್ಲಿ ಪದಕಕ್ಕಿಂತ ಹೆಚ್ಚಿನದು ಅಡಗಿದೆ. ಆಸ್ಟ್ರೇಲಿಯದ ಜೇ ವೈನ್ 2020ರಲ್ಲಿ ಜ್ವಿಫ್ಟ್ ಸಂಸ್ಥೆಯ ಆಯ್ಕೆ ಸ್ಪರ್ಧೆಯನ್ನು ಗೆದ್ದು, ಅದರ ಬಲದಿಂದ ಯೂರೋಪಿನ ವೃತ್ತಿಪರ ತಂಡವನ್ನು ಸೇರಿ, 2022ರ ಸ್ಪೇನ್ ಪ್ರವಾಸ ಪಂದ್ಯದಲ್ಲಿ ಎರಡು ಹಂತಗಳನ್ನು ಗೆದ್ದನು. ಅಂದರೆ ಮನೆಯೊಳಗಿನ ಅಂಕೆಗಳು ಜೀವನೋಪಾಯದ ಬಾಗಿಲಾಗಬಲ್ಲವು. ಕರ್ನಾಟಕದಲ್ಲಿ ಸೈಕಲ್ ಪಟುಗಳ ತವರೆಂದರೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಅಲ್ಲಿಯ ಕ್ರೀಡಾನಿಲಯಗಳಿಂದ ಬರುವವರಲ್ಲಿ ರೈತರ, ಕೂಲಿಕಾರರ ಮಕ್ಕಳು ಅನೇಕರು. ಅಳತೆ ನಂಬಲರ್ಹವಾಗಿದ್ದ ಪಕ್ಷದಲ್ಲಿ ಅಂಥ ಹುಡುಗಿಯೊಬ್ಬಳ ವಾಟ್ ಯೂರೋಪಿನ ತರಬೇತುದಾರನ ಮೇಜಿನ ಮೇಲೆ ಯೂರೋಪಿನವಳ ವಾಟ್‌ಗೆ ಸಮಾನವಾಗಿಯೇ ಕಾಣಬೇಕು. ಆದರೆ ಅಗ್ಗದ ಸ್ಮಾರ್ಟ್ ಟ್ರೈನರಿನ ಬೆಲೆಯೇ ಹತ್ತಾರು ಸಾವಿರ ರೂಪಾಯಿ. ಉತ್ತಮವಾದುದು ಲಕ್ಷವನ್ನು ಮೀರುತ್ತದೆ. ಎರಡನೆಯ ಮಾಪಕದ ವೆಚ್ಚ ಬೇರೆ. ಮೈವೂಶ್‌ನಂಥ ಸೇವೆಗೆ ಶುಲ್ಕವಿಲ್ಲವೆಂಬುದು ಸಮಾಧಾನವಾದರೂ, ಸಾಕ್ಷ್ಯವನ್ನು ಒದಗಿಸಲು ಶಕ್ತರಾದವರ ಸತ್ಯ ಮಾತ್ರ ಸತ್ಯವಾಗಿ ಉಳಿಯುವ ಅಪಾಯ ಇಲ್ಲಿಯೂ ಉಂಟು. ಚರಿತ್ರೆಯಲ್ಲಿ ಬಡವರ ವಿಷಯ ಏಕೆ ಕಡಿಮೆಯೆಂದು ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು. ಕ್ರೀಡಾನಿಲಯಕ್ಕೆ ಎರಡೆರಡು ಯಂತ್ರಗಳನ್ನಾದರೂ ಒದಗಿಸುವುದು ಸರ್ಕಾರಕ್ಕೆ ಹೊರೆಯಾಗುವ ಮಾತಲ್ಲ.

ಪಂದ್ಯವನ್ನು ಬಿಟ್ಟು ಬರಿಯ ಜೊತೆಗಾರಿಕೆಯನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಅನೇಕ ಸವಾರರು ಯಂತ್ರದ ಮೊರೆಹೊಕ್ಕರು. ಚಾಮರಾಜನಗರ ಜಿಲ್ಲೆಯಲ್ಲಿ ಆ ಜೂನ್ ತಿಂಗಳವರೆಗೆ ಒಂದೂ ಕೊರೋನಾ ಪ್ರಕರಣವಿರಲಿಲ್ಲವಾದರೂ ನಿರ್ಬಂಧ ಎಲ್ಲರಿಗೂ ಒಂದೇ ಆಗಿತ್ತು. ನಿರ್ಬಂಧ ತೆರವಾದ ಮೇಲೂ ಯಂತ್ರಗಳು ಮೂಲೆ ಸೇರಲಿಲ್ಲವೆಂಬುದಕ್ಕೆ ಬೇಗೂರಿನ ಪಡಸಾಲೆಯೇ ನಿದರ್ಶನ. ಬಂಡೀಪುರದ ಅರಣ್ಯದೊಳಗಣ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಹಾಗಾಗಿ ಬೆಳಗಿನ ಜಾವ ಗೇಟಿನ ಹೊತ್ತಿಗೆ ಸರಿಯಾಗಿ ಹೊರಟ ಲಾರಿಗಳೊಡನೆ ಕತ್ತಲಲ್ಲಿ ಹೆದ್ದಾರಿಯ ಪಾಲು ಕೇಳುವುದು ಸೈಕಲ್ ಸವಾರನಿಗೆ ಕ್ಷೇಮವಲ್ಲ. ಒಬ್ಬಂಟಿಯಾಗಿ ಹೊರಡಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗಂತೂ ಆ ಹೊತ್ತಿನ ರಸ್ತೆ ಇಲ್ಲವೆಂದೇ ಹೇಳಬೇಕು. ಮನೆಯೊಳಗಿನ ಗುಂಪಿನಲ್ಲಿ, ಶಕ್ತಿ ಕಡಿಮೆಯಾದವರು ಹಿಂದೆ ಬೀಳದಂತೆ ಎಲ್ಲರನ್ನೂ ಒಟ್ಟಿಗೆ ಕಟ್ಟಿಹಾಕುವ ಏರ್ಪಾಡೂ ಉಂಟು; ದುರ್ಬಲನು ಪ್ರಬಲನ ಜೊತೆಯಲ್ಲೇ ಮಾತನಾಡುತ್ತ ಸಾಗಬಹುದು. ನಿಜವಾದ ದಾರಿಯಲ್ಲಿ ಇದು ಪ್ರಬಲನ ಔದಾರ್ಯಕ್ಕೆ ಬಿಟ್ಟದ್ದು. ಪಂಕ್ಚರಾದಾಗ ನಿಂತು ಪಂಪು ಹೊಡೆಯುವ ಗೆಳೆಯನ ಅಗತ್ಯವೇ ಇಲ್ಲಿ ಬರುವುದಿಲ್ಲ. ಅಂಥ ಗೆಳೆತನ ಬೆಳೆಯಲು ಅವಕಾಶವೂ ಇಲ್ಲ.

ಕೊನೆಯದಾಗಿ ದಾಖಲೆಯ ಆಯುಷ್ಯವನ್ನು ಕುರಿತು ಒಂದು ಮಾತು. ಈ ಕ್ಷೇತ್ರದ ಹಿರಿಯ ಯಂತ್ರವಾದ ಕಂಪ್ಯುಟ್ರೈನರಿನ ತಯಾರಿಕೆ 2017ರಲ್ಲಿ ನಿಂತಿತು. ಅದರಲ್ಲಿ ಬೆವರಿದವರ ಲೆಕ್ಕಗಳಲ್ಲಿ ಎಷ್ಟು ಉಳಿದುವೆಂದು ಯಾರು ಹುಡುಕಬೇಕು? ಉಳಿದ ದಾಖಲೆಯೂ ದಾರಿ ತಪ್ಪಿಸೀತು. ಜ್ವಿಫ್ಟಿನ ವಾಟೋಪಿಯ ಎಂಬ ಕಲ್ಪಿತ ದ್ವೀಪಕ್ಕೆ ಅದರ ನಿರ್ಮಾತೃಗಳು ಶಾಂತಸಾಗರದ ಸಾಲೊಮನ್ ದ್ವೀಪಸ್ತೋಮದಲ್ಲಿನ ತೆಯಾನು ಎಂಬ ನಿಜವಾದ ದ್ವೀಪದ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟಿದ್ದಾರೆ. ಅದು 1788ರಲ್ಲಿ ಫ್ರೆಂಚ್ ನಾವಿಕ ಲಾಪೆರೂಸನ ಹಡಗುಗಳು ಒಡೆದ ವನಿಕೋರೊಗೆ ಅಂಟಿಕೊಂಡಂತಿರುವ ಸ್ಥಳ. ನಾವು ಕಂಡ ಯುವಕನ ಸವಾರಿಗಳನ್ನು ನಕ್ಷೆಯ ಮೇಲೆ ತೆರೆದು ನೋಡಿದಾಗ ಅವೆಲ್ಲವೂ ಅಲ್ಲಿ ಗೆರೆಗಳಾಗಿ ಮೂಡಿದ್ದುವು. ಕರೆಂಟು ಹೋದ ದಿನದ ಗೆರೆ ಮಾತ್ರ ಏರಿನ ಕೆಳಗೆ, ಬೆಟ್ಟದ ಬುಡದಲ್ಲಿ, ತುಂಡಾಗಿ ನಿಂತಿತ್ತು.