ರೂಪಾಯಿಗೆ ಆರು ಪೈಸೆ: ಲೈಬ್ರರಿ ಲೆಕ್ಕ ಕೇಳೋರು ಯಾರು?

"ಲೈಬ್ರರಿಯಾ? ಅದು ಓದಿದೋರಿಗೆ ಸ್ವಾಮಿ, ನಮಗೇನು ಬಂತು?" ಎಂಬ ಮಾತು ಅಂಗಡಿ ಬೀದಿಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹೀಗೆ ಅನ್ನುವ ವರ್ತಕ ಬಂಧುಗಳು ಗಲ್ಲಾಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟ ಆಸ್ತಿ ತೆರಿಗೆ ರಸೀತಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ತೆರಿಗೆಯ ಮೇಲೆ ಆರೋಗ್ಯ ಕರ, ಭಿಕ್ಷುಕರ ಕರ ಹಾಕಿರುವಂತೆಯೇ ಗ್ರಂಥಾಲಯ ಕರವೂ ಸೇರಿರುತ್ತದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. 5,000 ರೂಪಾಯಿ ತೆರಿಗೆ ಕಟ್ಟುವ ಅಂಗಡಿಯಿಂದ 300, ಹನ್ನೆರಡು ಸಾವಿರ ಕಟ್ಟುವವರಿಂದ 720. ವರ್ಷಾ ವರ್ಷ ಕೊಡುತ್ತಲೇ ಇದ್ದೀರಿ.

"ನಂದು ಬಾಡಿಗೆ ಅಂಗಡಿ" ಅಂತ ಜಾರಿಕೊಳ್ಳುವ ಹಾಗಿಲ್ಲ. ಮಾಲೀಕರು ಬಾಡಿಗೆ ಗೊತ್ತು ಮಾಡುವಾಗ ತೆರಿಗೆ, ಕರ ಎಲ್ಲವನ್ನೂ ಮನಸ್ಸಿನಲ್ಲಿ ಕೂಡಿಸಿಯೇ ಹೇಳುತ್ತಾರೆ. ಬೆಳಗಿನ ಬಸ್ಸಿಗೆ ನೇತಾಡುತ್ತಾ ಹೋಗುವ ಬಾಡಿಗೆ ಮನೆಯವರ ಪಾಲೂ ಅದರಲ್ಲಿದೆ.

ಕಾಯ್ದೆ ಹುಟ್ಟಿದ ಬಗೆ

ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದಲ್ಲಿ ಇಂಥ ಕಾನೂನು ಮೊದಲು ಮಾಡಿದ್ದು 1948ರಲ್ಲಿ ಮದ್ರಾಸು. ಅದರ ಹಿಂದೆ ನಿಂತವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು ಲೈಬ್ರರಿ ಕೆಲಸಕ್ಕೆ ಬಂದು, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಕೆಗೆ ಎಂಬುದೇ ಮೊದಲನೇ ಸೂತ್ರ, ಬೀರುವಿನಲ್ಲಿ ಬೀಗ ಹಾಕಿಡುವುದಕ್ಕಲ್ಲ. ಈ ಪುಣ್ಯಾತ್ಮರು ಕೊನೆಯ ವರ್ಷಗಳನ್ನು ಕಳೆದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ.

ಕಾಯ್ದೆಯ ಏರ್ಪಾಡು ಸರಳ. ನಗರಸಭೆ, ಪಾಲಿಕೆ, ಪಂಚಾಯ್ತಿಗಳು ತೆರಿಗೆ ಜೊತೆಗೇ ಗ್ರಂಥಾಲಯ ಕರ ವಸೂಲಿ ಮಾಡಬೇಕು. ವಸೂಲಾದದ್ದನ್ನು ನಗರ ಅಥವಾ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಆ ದುಡ್ಡಿನಲ್ಲಿ ಪುಸ್ತಕ, ಪತ್ರಿಕೆ, ಕುರ್ಚಿ, ದೀಪ.

ನಡುದಾರಿಯಲ್ಲಿ ನಿಂತ ದುಡ್ಡು

ಎಡವಟ್ಟು ಇರುವುದು ಈ 'ಒಪ್ಪಿಸಬೇಕು' ಎಂಬಲ್ಲೇ. ಜನರಿಂದ ವಸೂಲಾದ ಕರ ಲೈಬ್ರರಿ ಬಾಗಿಲು ಮುಟ್ಟುವ ಮೊದಲೇ ರಸ್ತೆ, ಚರಂಡಿ, ಸಂಬಳ ಅಂತ ಬೇರೆ ಖರ್ಚಿನಲ್ಲಿ ಕರಗುತ್ತದೆ ಎಂಬ ದೂರು ಹಳೆಯದು. ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದ ಕಾಲದಲ್ಲಿ ಗ್ರಂಥಾಲಯ ಇಲಾಖೆಗೆ ಕೊಡಬೇಕಾದ ಬಾಕಿ ನೂರಾರು ಕೋಟಿ ಎಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ರಾಜಧಾನಿಯ ಕಥೆಯೇ ಹೀಗಾದರೆ ಸಣ್ಣ ಊರುಗಳ ಕಡತ ಬಿಚ್ಚಿ ನೋಡುವವರು ಯಾರು?

ಅಂಗಡಿಯಲ್ಲಿ ಮಾಲು ಬರದಿದ್ದರೆ ಗಿರಾಕಿ ಎಷ್ಟು ದಿನ ಬಂದಾನು? ಲೈಬ್ರರಿಯೂ ಹಾಗೇ. ಹೊಸ ಪುಸ್ತಕ ಬರಲ್ಲ, ಪತ್ರಿಕೆ ಕಡಿಮೆ ಆಗುತ್ತೆ, ಕೆಟ್ಟ ಫ್ಯಾನು ಕೆಟ್ಟೇ ಇರುತ್ತೆ. ಆಮೇಲೆ "ಈಗ ಯಾರ್ರೀ ಓದ್ತಾರೆ" ಅಂತ ಓದುಗನ ಮೇಲೇ ತಪ್ಪು ಹೊರಿಸುವುದು!

ಬರೋರು ಇದ್ದಾರೆ

ಓದುವವರಿಲ್ಲ ಅನ್ನುವವರು ಯಾವುದಾದರೂ ಜಿಲ್ಲಾ ಕೇಂದ್ರದ ಲೈಬ್ರರಿಗೆ ಹೋಗಿ ನಿಲ್ಲಲಿ. ಬೆಳಿಗ್ಗೆ ಪತ್ರಿಕೆಗೆ ಕಾದಿರುವ ಪಿಂಚಣಿದಾರರು, ಬಾಡಿಗೆ ಸಿಗುವ ತನಕ ಹಾಳೆ ತಿರುವುವ ಆಟೋದವರು, ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇರುವವರು ಸಿಗುತ್ತಾರೆ. ಎಲ್ಲರಿಗಿಂತ ಹೆಚ್ಚು ಇರುವವರು ಕೆ.ಎ.ಎಸ್., ಪಿ.ಡಿ.ಒ., ಪೊಲೀಸ್ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು. ಕೋಚಿಂಗಿಗೆ ಕೊಡಲು ಕಾಸಿಲ್ಲ, ಒಂದೇ ಕೋಣೆಯ ಮನೆಯಲ್ಲಿ ಕೂತು ಓದಲು ಜಾಗ ಇಲ್ಲ. ಅವರಿಗೆ ಬೇಕಾದ್ದು ಒಂದು ಕುರ್ಚಿ, ತಲೆ ಮೇಲೊಂದು ದೀಪ, ಕುಡಿಯುವ ನೀರು. ಹೆಣ್ಣುಮಕ್ಕಳಿಗೆ ಬೀಗ ಹಾಕಿರದ ಶೌಚಾಲಯ.

ಹಳ್ಳಿ ಕಡೆಯ ಸುದ್ದಿ

ಒಳ್ಳೆಯ ಸುದ್ದಿಯೂ ಇದೆ. ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರಲ್ಲಿ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ ಹಳ್ಳಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಮುಂದೆ ಇವು 'ಅರಿವು ಕೇಂದ್ರ' ಎಂಬ ಹೆಸರು ಪಡೆದವು, ಹಲವು ಕಡೆ ಕಂಪ್ಯೂಟರೂ ಬಂತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹತ್ತು ರೂಪಾಯಿ ಅರ್ಜಿ

ಹಾಗಾದರೆ ನಾವು ಮಾಡುವುದೇನು? ಧರಣಿ, ಧಿಕ್ಕಾರ ಏನೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಹತ್ತು ರೂಪಾಯಿ ಕಟ್ಟಿ ನಿಮ್ಮ ನಗರಸಭೆಗೆ ಒಂದು ಅರ್ಜಿ ಹಾಕಿ. ಮೂರು ಸಾಲು ಸಾಕು: ಹೋದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು? ಅದರಲ್ಲಿ ಗ್ರಂಥಾಲಯ ಪ್ರಾಧಿಕಾರಕ್ಕೆ ಎಷ್ಟು ಕೊಟ್ಟಿರಿ? ಬಾಕಿ ಎಷ್ಟು? ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಉತ್ತರದ ಒಂದು ಪ್ರತಿಯನ್ನು ವರ್ತಕರ ಸಂಘದ ಸಭೆಯಲ್ಲಿ ಓದಿಸಿ, ಇನ್ನೊಂದನ್ನು ವಾರ್ಡಿನ ಸದಸ್ಯರ ಕೈಗೆ ಕೊಡಿ.

ಉದ್ರಿ ಪುಸ್ತಕದಲ್ಲಿ ಎರಡು ರೂಪಾಯಿ ತಪ್ಪಿದರೂ ರಾತ್ರಿ ನಿದ್ದೆ ಮಾಡದ ಜನ ನಾವು. ಊರಿನ ಮಕ್ಕಳ ಹೆಸರಿನಲ್ಲಿ ಎತ್ತಿದ ಆರು ಪೈಸೆಯ ಲೆಕ್ಕವನ್ನು ಮಾತ್ರ ಯಾಕೆ ಬಿಡಬೇಕು?