ಕರೆಂಟ್ ಹೋದ ಮೇಲೆ ಕೇಳಿದ ದನಿ

ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು. ತಿಪಟೂರಿನ ಕಡೆಯ ಆ ಊರಿನಲ್ಲಿ ಕತ್ತಲಾದ ಮೇಲೂ ತಾರಸಿಯ ಸಿಮೆಂಟು ಬೆಚ್ಚಗೇ ಇತ್ತು. ಕೆಳಗಿನ ಅಟ್ಟದಿಂದ ಕೊಬ್ಬರಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಸೋದರಮಾವ ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಸ್ಕೂಟರಿನ ಹಳೇ ಬ್ಯಾಟರಿಗೆ ರೇಡಿಯೋದ ವಯರು ಸಿಕ್ಕಿಸುತ್ತಿದ್ದರು. ಕೈಯಲ್ಲಿ ಲಗ್ನಪತ್ರಿಕೆಯ ಲಕೋಟೆ, ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಮಯ: 7.50, ದಕ್ಷಿಣ.

"ಎದ್ದು ಬರೋದು ಆ ಜೋಡಿ ತೆಂಗಿನ ಮರದ ಸಂದಿಯಿಂದ," ಅಂದರು, ನೆಂಟರು ಯಾವ ಬಸ್ಸಿಗೆ ಬರುತ್ತಾರೆ ಎಂದು ಹೇಳುವ ಹಾಗೆ.

ಆಂಟೆನಾ ನೋಡಿದರೆ ಯಾರಿಗೂ ನಂಬಿಕೆ ಬರುವಂಥದ್ದಲ್ಲ. ನೀರಿನ ಪಿವಿಸಿ ಪೈಪಿನ ತುಂಡು. ಅದಕ್ಕೆ ಅಡ್ಡಡ್ಡ ಕಟ್ಟಿದ ಹಳದಿ ಪಟ್ಟಿಗಳು. ಮೇಸ್ತ್ರಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಮಾಡಿದ್ದು. ಉದ್ದನೆಯ ಪಟ್ಟಿ ಒಂದು ಮೀಟರಿನ ಆಸುಪಾಸು, ಹಿಡಿಯಬೇಕಾದ ಅಲೆಯ ಉದ್ದದ ಅರ್ಧದಷ್ಟು. ಬಾಗಿಲಲ್ಲಿ ತೂರಿಸುವಾಗ ಮಡಚಿಕೊಳ್ಳುತ್ತದೆ, ಹೊರಗೆ ಬಂದ ಕೂಡಲೇ ಪಟ್ಟೆಂದು ನೆಟ್ಟಗಾಗುತ್ತದೆ. ಅದರ ಬುಡದಲ್ಲೇ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ರೀಆಂಪ್ಲಿಫಯರ್, ಸಣ್ಣ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ. ಮೊದಲು ಅದು ಕೆಳಗೆ, ರೇಡಿಯೋ ಪಕ್ಕದಲ್ಲಿರುತ್ತಿತ್ತು. ಕೇಬಲ್ಲಿನ ಉದ್ದಕ್ಕೂ ಸೊರಗಿ ಬಂದ ದನಿಯನ್ನು ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಜೊತೆಗಿರುವ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ ಎಂದು ಮಾವನಿಗೆ ಅರ್ಥವಾದದ್ದು ಒಂದು ಮಳೆಗಾಲದಲ್ಲಿ. ಕನೆಕ್ಟರಿನೊಳಗೆ ನೀರಿಳಿದು, ತಾಮ್ರದ ಹೆಣಿಗೆ ಹಸಿರು ಹಿಡಿದು, ಆಕಾಶವೇ ಕಿವುಡಾದ ಹಾಗೆ ಆಗಿತ್ತಂತೆ. ಎರಡು ತಿಂಗಳು ಅವರು ಉಪಗ್ರಹವನ್ನು ಶಂಕಿಸುತ್ತಿದ್ದರು.

ಅವರು ಕಾಯುತ್ತಿದ್ದ ಉಪಗ್ರಹದ ಹೆಸರು ಆಸ್ಕರ್-7. ಹವ್ಯಾಸಿ ರೇಡಿಯೋದವರು, ಎಂದರೆ ಹ್ಯಾಮ್‌ಗಳು, ಹಲವು ದೇಶಗಳಲ್ಲಿ ತುಂಡು ತುಂಡಾಗಿ ಮಾಡಿ ಜೋಡಿಸಿದ ಸುಮಾರು 29 ಕಿಲೋ ತೂಕದ ಪೆಟ್ಟಿಗೆ. 1974ರ ನವೆಂಬರ್ 15ರಂದು ಅಮೆರಿಕದ ಹವಾಮಾನ ಉಪಗ್ರಹವೊಂದರ ಜೊತೆಯಲ್ಲಿ ಜಾಗ ಸಿಕ್ಕಿ ಮೇಲೇರಿತು. ಆರೂವರೆ ವರ್ಷ ದುಡಿಯಿತು. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. ಆಮೇಲೆ 21 ವರ್ಷ ಅದು ಸತ್ತಿತೆಂದೇ ಲೆಕ್ಕವಾಗಿತ್ತು. 2002ರ ಜೂನ್ 21ರಂದು ಇಂಗ್ಲೆಂಡಿನ ಹ್ಯಾಮ್ ಒಬ್ಬರಿಗೆ ಹಳೆಯ ಶೈಲಿಯ ಮೋರ್ಸ್ ಸದ್ದೊಂದು ಕೇಳಿಸಿತು. ಶಾರ್ಟ್ ಆಗಿದ್ದ ಬ್ಯಾಟರಿಯ ಕೊಂಡಿ ಯಾವಾಗಲೋ ತಾನಾಗಿ ಕಡಿದುಹೋಗಿ, ಬಿಸಿಲಿನ ಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಕ್ಕೆ ಸೇರತೊಡಗಿತ್ತು. ಅಂದಿನಿಂದ ಅದು ಬಿಸಿಲಿದ್ದಷ್ಟು ಹೊತ್ತು ಬದುಕುತ್ತದೆ, ಭೂಮಿಯ ನೆರಳಿಗೆ ಹೋದರೆ ಸಾಯುತ್ತದೆ, ಮತ್ತೆ ಬಿಸಿಲಿಗೆ ಬಂದಾಗ ಏಳುತ್ತದೆ. ಸುಮಾರು 1,450 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ಸೂರ್ಯ ಮುಳುಗಿ ಗಂಟೆಗಟ್ಟಲೆ ಆದರೂ ಅದರ ಮೈಮೇಲೆ ಬಿಸಿಲಿರುತ್ತದೆ.

ಅದು ಹಾರಿದ ವರ್ಷದ ಆಸುಪಾಸಿನಲ್ಲೇ ಮಾವ ತಂತಿ ಕಚೇರಿಗೆ ಕೆಲಸಕ್ಕೆ ಸೇರಿದ್ದು. ಮೋರ್ಸ್ ಅವರಿಗೆ ಬೆರಳಿನಲ್ಲಿತ್ತು, ಈಗಲೂ ಇದೆ. ದೇಶದ ತಂತಿ ಸೇವೆ 2013ರ ಜುಲೈನಲ್ಲಿ ನಿಂತ ರಾತ್ರಿ ಅವರು ಊಟ ಮಾಡಿರಲಿಲ್ಲ ಎಂದು ಅತ್ತೆ ಹೇಳುತ್ತಾರೆ.

7.50 ಆಯಿತು. ರೇಡಿಯೋದಲ್ಲಿ ಬರೀ ಮೊರೆತ. ಎಣ್ಣೆಗೆ ಸಾಸಿವೆ ಬಿದ್ದಂತೆ ಚಿಟಚಿಟ ಒಂದು ಕಡೆ. ಜೀರುಂಡೆಯಂಥ ಎಡೆಬಿಡದ ಜೊಂಯ್ ಇನ್ನೊಂದು ಕಡೆ. ಮಾವನಿಗೆ ಒಂದೊಂದರ ವಿಳಾಸವೂ ಗೊತ್ತು. ಚಿಟಚಿಟ ಅನ್ನುವುದು ಟ್ರಾನ್ಸ್‌ಫಾರ್ಮರ್ ಪಕ್ಕದ ಕಂಬದಲ್ಲಿ ಸಡಿಲವಾದ ತಂತಿ. ಜೊಂಯ್ ಅನ್ನುವುದು ಎದುರು ಮನೆಯ ಎಲ್‌ಇಡಿ ಬಲ್ಬು. ನಡುವೆ ಗೊರಗೊರ ಎಂದು ಹಾಯುವುದು ಯಾರದೋ ಮೊಬೈಲ್ ಚಾರ್ಜರು. ಹಿಂದೆ ಗುಂಡು ಬಲ್ಬು ಉರಿಯುತ್ತಿದ್ದ ಕಾಲದಲ್ಲಿ ಆಕಾಶ ಇಷ್ಟು ಗಲೀಜಾಗಿರಲಿಲ್ಲ ಅನ್ನುತ್ತಾರೆ ಅವರು. ಆ ಮಾತು ನಿಜ. ಅಗ್ಗದ ಚಾರ್ಜರು, ಬಲ್ಬುಗಳ ಒಳಗಿನ ಸರ್ಕ್ಯೂಟು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಜೋಡಿಸುತ್ತಿರುತ್ತದೆ. ಆ ಕತ್ತರಿಯ ಸದ್ದು ರೇಡಿಯೋ ಅಲೆಗಳಾಗಿ ಊರೆಲ್ಲ ಚೆಲ್ಲುತ್ತದೆ. ದಿಗಂತದಲ್ಲಿ ಏಳುವಾಗ ಆಸ್ಕರ್-7 ನಮ್ಮಿಂದ 4,500 ಕಿಲೋಮೀಟರ್ ದೂರ. ಅದರ ಪ್ರೇಷಕದ ಶಕ್ತಿ ಹೆಚ್ಚೆಂದರೆ ಎಂಟು ವ್ಯಾಟ್, ಎದುರು ಮನೆಯ ಆ ಬಲ್ಬಿನಷ್ಟೇ.

ಆಗ ಕರೆಂಟ್ ಹೋಯಿತು.

ಊರು ಒಂದೇ ಏಟಿಗೆ ಕಪ್ಪಾಯಿತು. ಬೀದಿಯಲ್ಲಿ ಮಕ್ಕಳು "ಹೋ" ಎಂದು ಕೂಗಿದರು. ಕೆಳಗಿನಿಂದ ಅತ್ತೆ ಟಾರ್ಚು ಎಲ್ಲಿ ಎಂದು ಕೇಳಿದರು. ನಾನು ಗಮನಿಸಿದ್ದು ರೇಡಿಯೋವನ್ನು. ಜೊಂಯ್ ಇಲ್ಲ, ಚಿಟಚಿಟ ಇಲ್ಲ. ಯಾರೋ ಕಂಬಳಿ ಎಳೆದು ತೆಗೆದ ಹಾಗೆ ಗದ್ದಲ ಸರಿದು, ಕೆಳಗೆ ತೆಳ್ಳಗಿನ, ಸಮನಾದ ಒಂದು ಸರಸರ ಉಳಿಯಿತು. ಆ ಸರಸರದೊಳಗೆ ಸೂಜಿಯ ಮೊನೆಯಷ್ಟು ಸಣ್ಣ ಶಿಳ್ಳೆ.

"ಒಳ್ಳೇದಾಯ್ತು ಕಣಮ್ಮ," ಮಾವ ಪಿಸುಗುಟ್ಟಿದರು, "ಕೇಳು, ಬಂತು."

ನಾಲ್ಕು ಚುಕ್ಕಿ, ಎರಡು ಚುಕ್ಕಿ. ಮೋರ್ಸಿನಲ್ಲಿ 'ಹಾಯ್'. 1961ರ ಡಿಸೆಂಬರಿನಲ್ಲಿ ಹಾರಿದ ಹ್ಯಾಮ್‌ಗಳ ಮೊಟ್ಟಮೊದಲ ಉಪಗ್ರಹ ಆಸ್ಕರ್-1 ಮೂರು ವಾರ ಆಡಿದ್ದೂ ಈ ಒಂದೇ ಮಾತನ್ನು. ಆಮೇಲೆ ಅಂಕಿಗಳು. ಮಾವ ಕತ್ತಲಲ್ಲೇ ಲಕೋಟೆಯ ಮೇಲೆ ಬರೆದುಕೊಂಡು ಹೋದರು. ಅಕ್ಷರ ಕಾಣಬೇಕಿರಲಿಲ್ಲ ಅವರಿಗೆ. ಉಪಗ್ರಹ ಹತ್ತಿರವಾಗುತ್ತ, ಆಮೇಲೆ ದೂರವಾಗುತ್ತ ಹೋದಂತೆ ಶಿಳ್ಳೆಯ ಶ್ರುತಿ ಇಳಿಯುತ್ತ ಬರುತ್ತದೆ. ರೈಲು ಹಾರ್ನ್ ಹಾಕಿಕೊಂಡು ಅರಸೀಕೆರೆಯ ಪ್ಲಾಟ್‌ಫಾರ್ಮ್ ದಾಟುವಾಗ ಆಗುವುದೂ ಇದೇ.

ಆಂಟೆನಾ ನನ್ನ ಕೈಗೆ ಬಂತು. ಮರಗಳ ಸಂದಿಯಿಂದ ಪೂರ್ವದ ಕಡೆ ನಿಧಾನವಾಗಿ ತಿರುಗಿಸಬೇಕು. ಒಂದು ಕ್ಷಣ ಶಿಳ್ಳೆ ಮುಳುಗಿಹೋಯಿತು. ದಿಕ್ಕು ತಪ್ಪಿತೇ ಎಂದು ಗಾಬರಿಯಾದೆ. ಮಾವ ನನ್ನ ಮಣಿಕಟ್ಟು ಹಿಡಿದು ಬೀಗದ ಕೈ ತಿರುವುವಂತೆ ಕಾಲು ಸುತ್ತು ತಿರುವಿದರು. ಅಡ್ಡ ಇದ್ದ ಪಟ್ಟಿಗಳು ಉದ್ದ ನಿಂತವು, ಶಿಳ್ಳೆ ಮತ್ತೆ ಎದ್ದು ನಿಂತಿತು. ಮೇಲಿನ ಪೆಟ್ಟಿಗೆ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಅದರ ಅಲೆ ಯಾವ ಮಗ್ಗುಲಲ್ಲಿ ಬರುತ್ತದೋ ನಮ್ಮ ಪಟ್ಟಿಯೂ ಅದೇ ಮಗ್ಗುಲಿಗೆ ಇರಬೇಕು. ಇಷ್ಟು ದೂರದ ಒಂದು ವಸ್ತು ಹೊರಳಿದ್ದು ನನ್ನ ಮಣಿಕಟ್ಟಿಗೆ ಗೊತ್ತಾಗುತ್ತಿದೆ ಎಂಬುದು ಆಗ ಹೊಳೆದು, ಕೈ ಸ್ವಲ್ಪ ನಡುಗಿತು.

ಗುಂಡಿ ತಿರುವಿದಾಗ ಮನುಷ್ಯರು ಸಿಕ್ಕರು. ಮೊದಲು ಕೀರಲು ದನಿ. ಒಂದು ಕೂದಲೆಳೆ ತಿರುವಿದರೆ ಗೊಗ್ಗರು. ನಡುವೆ ಎಲ್ಲೋ ಒಂದು ಕಡೆ ಗಂಡಸಿನ ದನಿ ಸರಿಯಾಗಿ ಕೂತಿತು. ಕರೆಸಂಕೇತ 'ವೈ ಬಿ' ಎಂದು ಶುರುವಾಯಿತು. ಇಂಡೋನೇಷ್ಯಾ. ಅಲ್ಲಿಂದ ಮೇಲೆ ಹೋದ ಮಾತು ಪೆಟ್ಟಿಗೆಯೊಳಗೆ ತರಂಗ ಬದಲಿಸಿಕೊಂಡು ಈ ಕೊಬ್ಬರಿಯ ವಾಸನೆಯ ತಾರಸಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ದನಿ ಇದ್ದಕ್ಕಿದ್ದಂತೆ ನೀರಲ್ಲಿ ಮಾತಾಡಿದ ಹಾಗೆ ಅಲುಗಾಡಿತು. ಮಾವ ಮುಖ ಸಿಂಡರಿಸಿದರು. "ಯಾರೋ ಜಾಸ್ತಿ ಪವರ್ ಕೊಟ್ಟವ್ರೆ," ಅಂದರು. ಬ್ಯಾಟರಿ ಇಲ್ಲದ ಉಪಗ್ರಹಕ್ಕೆ ಇರುವುದು ಆ ಹೊತ್ತಿನ ಬಿಸಿಲಿನ ಕರೆಂಟು ಮಾತ್ರ. ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಒಬ್ಬರು ಅಬ್ಬರಿಸಿದರೆ ವೋಲ್ಟೇಜು ಕುಸಿದು ಎಲ್ಲರ ದನಿಯೂ ನಡುಗುತ್ತದೆ, ಅಬ್ಬರಿಸಿದವರದ್ದೂ ಸೇರಿ. ನಿನ್ನ ದನಿ ಶಿಳ್ಳೆಗಿಂತ ಜೋರಾಗಿ ಕೇಳಿಸುತ್ತಿದ್ದರೆ ನೀನು ತಪ್ಪು ಮಾಡುತ್ತಿದ್ದೀಯ ಎಂದೇ ಲೆಕ್ಕ.

ಬೆಂಗಳೂರಿನಲ್ಲಿ ಇಸ್ರೋದವರು ಕಟ್ಟಿದ ಹ್ಯಾಮ್‌ಸ್ಯಾಟ್ ಉಪಗ್ರಹ ಇದ್ದಾಗ ಇಷ್ಟು ಒದ್ದಾಟ ಇರಲಿಲ್ಲ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿದ 42.5 ಕಿಲೋದ ಕೂಸು. ಅದರಲ್ಲಿ ಮೇಲೆ ಬಂದ ಮಾತನ್ನು ತರಂಗ ಬದಲಿಸಿ ಕೆಳಗೆ ಕಳಿಸುವ ಎರಡು ಟ್ರಾನ್ಸ್‌ಪಾಂಡರು, ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸಿನ ಹ್ಯಾಮ್ ಒಬ್ಬರು ಮಾಡಿದ್ದು. ಒಂಬತ್ತು ವರ್ಷ ಮಾವನ ಸಂಜೆಗಳೆಲ್ಲ ಅದರವು. 2014ರ ಜುಲೈನಲ್ಲಿ ಅದರದ್ದೂ ಬ್ಯಾಟರಿಯೇ ಕೈಕೊಟ್ಟಿತು. ಅದರ ಬಗ್ಗೆ ಹೆಚ್ಚು ಮಾತು ಅವರಿಗೆ ಇಷ್ಟವಿಲ್ಲ. ಆದರೆ ವರ್ಷಕ್ಕೆ ಒಂದೆರಡು ಸಲ ಆ ತರಂಗಕ್ಕೆ ಗುಂಡಿ ತಿರುವಿ ನೋಡುತ್ತಾರೆ, ನಾನೇ ಕಂಡಿದ್ದೇನೆ.

ಇಂಡೋನೇಷ್ಯಾದವರಿಗೆ ಯಾರೋ ಉತ್ತರಿಸಿದರು: "ಫೈವ್ ನೈನ್." ಐದು ಎಂದರೆ ಮಾತು ಪೂರ್ತಿ ತಿಳಿಯುತ್ತಿದೆ, ಒಂಬತ್ತು ಎಂದರೆ ಸಿಗ್ನಲ್ ಬಹಳ ಬಲವಾಗಿದೆ. ಎಲ್ಲರೂ ಎಲ್ಲರಿಗೂ ಕೊಡುವ ವರದಿ ಅದು. ಮಾವ ತಲೆ ಅಲ್ಲಾಡಿಸಿದರು. ಅವರ ಲಾಗ್ ಪುಸ್ತಕದಲ್ಲಿ ಮೂರು-ಮೂರು ಇದೆ, ನಾಲ್ಕು-ಎರಡು ಇದೆ, ಐದು-ಒಂಬತ್ತು ಬೆರಳೆಣಿಕೆಯಷ್ಟು. ಹೇಗೆ ಕೇಳಿಸುತ್ತಿದೆಯೋ ಹಾಗೆ ಹೇಳದಿದ್ದರೆ ಆ ಕಡೆಯವರು ತಮ್ಮ ಆಂಟೆನಾ ಸರಿಪಡಿಸಿಕೊಳ್ಳುವುದು ಹೇಗೆ? ತಂತಿಯಲ್ಲೂ ಅವರು ಹಾಗೇ ಇದ್ದರು. ಒಂದಕ್ಷರ ಅನುಮಾನವಾದರೂ ಮತ್ತೆ ಕೇಳುತ್ತಿದ್ದರು, ಸಾವಿನ ಸುದ್ದಿಯಲ್ಲಿ ಹೆಸರು ತಪ್ಪಬಾರದಲ್ಲ.

ಕೈ ಸೋಲುತ್ತಿತ್ತು. ಉಪಗ್ರಹ ಪೂರ್ವಕ್ಕೆ ಬಂದಿತ್ತು. ದನಿ ಇಷ್ಟು ಹೊತ್ತಿನಲ್ಲೇ ಎಲ್ಲಕ್ಕಿಂತ ತಿಳಿಯಾಗಿ, ಆ ಮನುಷ್ಯ ಉಸಿರು ತೆಗೆದುಕೊಳ್ಳುವುದೂ ಕೇಳುವಷ್ಟು ಹತ್ತಿರವಾಗಿತ್ತು. ತನ್ನ ಊರಿನ ಹೆಸರು ಹೇಳಲು ಶುರು ಮಾಡಿದ. ಮೊದಲ ಅಕ್ಷರ ಬಂತು, ಎರಡನೆಯದು ಅದುರಿ ಜಾರಿತು, ಮೂರನೆಯದು ಬರಲಿಲ್ಲ. ಶಿಳ್ಳೆಯೂ ಇಲ್ಲ. ತೆಳ್ಳಗಿನ ಸರಸರ ಮಾತ್ರ.

"ನೆರಳಿಗೆ ಹೋಯ್ತು," ಎಂದು ಮಾವ ಲಕೋಟೆಯ ಮೇಲೆ ಸಮಯ ಬರೆದರು. 8.04. ನಾನು ಆಂಟೆನಾ ಇಳಿಸಲಿಲ್ಲ. ಅವರೂ ಇಳಿಸು ಅನ್ನಲಿಲ್ಲ. ಖಾಲಿ ಪೂರ್ವಕ್ಕೆ ಗುರಿಯಿಟ್ಟುಕೊಂಡು ಇಬ್ಬರೂ ಇನ್ನಷ್ಟು ಹೊತ್ತು ಹಾಗೇ ನಿಂತಿದ್ದೆವು. ಆಮೇಲೆ ಕರೆಂಟ್ ಬಂತು, ಬೀದಿ ಬೆಳಗಿತು, ಎದುರು ಮನೆಯ ಬಲ್ಬು ರೇಡಿಯೋದಲ್ಲಿ ಜೊಂಯ್ ಎಂದಿತು.